ಚಂದ್ರಭಾಗಾ ಹೇಳದ ಹೆಸರು

ಡಾಬಕಾ ಹಳ್ಳಿಯ ಶಾಲುಬಾಯಿ ಭಾಲ್ಕಿಯಲ್ಲಿ ಬಿ.ಎ. ಮುಗಿಸಿದವಳು. ಕನ್ನಡ, ಮರಾಠಿ, ಹಿಂದಿ ಮೂರನ್ನೂ ನೀರು ಕುಡಿದಷ್ಟು ಸಲೀಸಾಗಿ ಆಡುವವಳು. ಎರಡು ಸಾವಿರದ ಹದಿನಾರರ ಬರಗಾಲದ ಬೇಸಿಗೆಯಲ್ಲಿ ಪುಣೆಯ ಯಾವುದೋ ಕಂಪನಿ ಅವಳಿಗೆ ಮನೆಯಲ್ಲೇ ಕೂತು ಮಾಡುವ ಕೆಲಸ ಕೊಟ್ಟಿತು. ಮನೆಯಲ್ಲೇ ಅಂದರೆ ಆಯಿತೆ? ಅವರೂರಲ್ಲಿ ಇಂಟರ್ನೆಟ್ ಬೇಕೆಂದರೆ ಬೇವಿನ ಮರ ಹತ್ತಬೇಕು. ಅದಕ್ಕೇ ಲ್ಯಾಪ್‌ಟಾಪ್ ಹಿಡಿದುಕೊಂಡು ಬೀದರಿಗೆ ಬಂದು, ಮೂರು ತಿಂಗಳ ಮಟ್ಟಿಗೆ ಮೈಲೂರ ಓಣಿಯ ನಜಮೋದ್ದೀನರ ಮಾಳಿಗೆಯ ಖೋಲಿ ಬಾಡಿಗೆಗೆ ಹಿಡಿದಳು.

ಬೀದರ ಎತ್ತರದ ಊರು, ಸಂಜೆಯ ಗಾಳಿ ಅಷ್ಟಿಷ್ಟು ತಂಪು. ಮೊದಲ ಭಾನುವಾರ ಕೋಟೆಯ ಬುರುಜು ಹತ್ತಿ ನಿಂತಳು. ಕೆಳಗೆ ಕಣ್ಣು ಹಾಯುವ ತನಕ ಸೀದ ರೊಟ್ಟಿಯ ಬಣ್ಣದ ಬಯಲು. ಬಾದಶಹರು ಆಳಿದ ಊರಲ್ಲಿ ನನ್ನದೂ ಒಂದು ಖೋಲಿ ಅದೆ ಎಂದು ಹೆಮ್ಮೆಪಟ್ಟಳು. ಪಡಲಿ ಬಿಡಿ ಪಾಪ, ಆ ಬೇಸಿಗೆಯಲ್ಲಿ ಅವಳಿಗೆ ದಕ್ಕಿದ ಖುಷಿ ಅಷ್ಟೇ.

ಕೆಲಸ ಇಷ್ಟು: ಸರಕಾರದ ಪರವಾಗಿ ಹಳ್ಳಿಗಳಿಗೆ ಫೋನು ಮಾಡಿ, ಎತ್ತಿದವರ ಬಾಯಿಂದ ಮನೆಯ ಯಜಮಾನನ ಹೆಸರು ಹೇಳಿಸಬೇಕು. ಹೇಳಿದರೆ 'ಇದ್ದಾರೆ', ಹೇಳದಿದ್ದರೆ 'ಖಾಲಿ ಮನೆ'. 'ಇದ್ದಾರೆ' ಎಂದು ಬಂದ ಮನೆಗಳ ಲೆಕ್ಕದ ಮೇಲೆ ಊರಿಗೆ ನೀರಿನ ಟ್ಯಾಂಕರು. ಈ ಕಾನೂನು ಮಾಡಿದ ಪುಣ್ಯಾತ್ಮ ನಮ್ಮ ಕಡೆಯ ಹೆಂಗಸರನ್ನು ಕಂಡವನೇ ಅಲ್ಲ. ಗಂಡಸರೆಲ್ಲ ಹೈದರಾಬಾದಿನ ಕಟ್ಟಡ ಕೆಲಸಕ್ಕೋ ಇಟ್ಟಂಗಿ ಭಟ್ಟಿಗೋ ಗುಳೆ ಹೋಗಿದ್ದರು. ಫೋನೆತ್ತುವವರು ಹೆಂಡಂದಿರು. ಅವರು ಜೀವ ಹೋದರೂ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವರಲ್ಲ.

ಶಾಲುಬಾಯಿಗೆ ಇದು ಗೊತ್ತಿತ್ತು. ಮೊದಲ ವಾರ "ಬಾಜೂಮನಿಯಾಕಿ ಕೈಯಾಗ ಫೋನ್ ಕೊಡ್ರಿ, ಆಕಿ ಹೇಳ್ಲಿ" ಎಂದು ಪುಸಲಾಯಿಸಿ ಹೇಳಿಸಿದಳು. ಒಂದೊಂದು ಮನೆಗೆ ಹತ್ತು ನಿಮಿಷ ಹಿಡಿಯಿತು. ಪುಣೆಯ ಸಾಹೇಬ ಹರಟೆ ಸಾಕು ಎಂದು ಬೈದ. ದಿನಕ್ಕೆ ನೂರು ಮನೆ ಮುಗಿಯಬೇಕು, ಮಾತೆಲ್ಲ ರೆಕಾರ್ಡ್ ಆಗುತ್ತದೆ, ಅವರು ಹೇಳದ್ದನ್ನು ನೀನು ಬರೆದರೆ ಅವತ್ತೇ ಮನೆಗೆ ಎಂದ. ಅಂದಿನಿಂದ ಅವಳೂ 'ಖಾಲಿ ಮನೆ' ಒತ್ತತೊಡಗಿದಳು. ಮೊದಲ ದಿನ ಒತ್ತುವ ಮುಂಚೆ ಎರಡೆರಡು ಸಲ ಕೇಳಿದಳು, ಮೂರನೆಯ ದಿನ ಒಂದೇ ಸಲ.

ಒಂದು ಮಧ್ಯಾಹ್ನ ಡಾಬಕಾದ ನಂಬರುಗಳೇ ಬಂದವು. ಒಂದರಲ್ಲಿ ಎತ್ತಿದವಳು ಓಣಿಯ ಕುರಿಗಾರರ ಮನೆಯ ಚಂದ್ರಭಾಗಾ, ಶಾಲುಬಾಯಿಯನ್ನು ಎತ್ತಿ ಆಡಿಸಿದವಳು, ಅವಳು ಕಾಕು ಅಂದರೆ ಚಿಕ್ಕಮ್ಮ ಎಂದು ಕರೆಯುವವಳು. ಗಂಡ ಧೊಂಡಿಬಾ ಕುರಿ ಹೊಡೆದುಕೊಂಡು ಗೋದಾವರಿ ದಂಡೆಗೆ ಹೋಗಿದ್ದ. ದನಿ ಕೇಳುತ್ತಲೇ ಶಾಲುಬಾಯಿಗೆ ಗುರುತು ಹತ್ತಿತು, ಆದರೆ ಗುರುತು ತೋರಿಸಲಿಲ್ಲ.

"ಯಜಮಾನರ ಹೆಸರು ಹೇಳ್ರಿ."

"ಅವ್ರ ಹೆಸರು ನಾ ಹ್ಯಾಂಗ ಹೇಳ್ಲಿ?" ಚಂದ್ರಭಾಗಾ ನಕ್ಕಳು. "ನಿಮಗ ಗೊತ್ತಿರ್ತದ, ಬರಕೋರಿ."

ಇನ್ನೂ ಮೂವತ್ತು ಮನೆ ಬಾಕಿ ಇದ್ದವು. ಶಾಲುಬಾಯಿ 'ಖಾಲಿ ಮನೆ' ಒತ್ತಿದಳು. ಆ ದಿನ ಊರಿನ ಮುಕ್ಕಾಲು ಮನೆ ಹಾಗೆಯೇ ಖಾಲಿಯಾದವು.

ಮುಂದಿನ ವಾರ ನಾಲ್ಕು ಟ್ಯಾಂಕರು ಬರುವಲ್ಲಿ ಒಂದು ಬಂತು. ನೂಕುನುಗ್ಗಲಲ್ಲಿ ಕೊಡ ತುಂಬದೆ ಚಂದ್ರಭಾಗಾ ಹಳೆಯ ಬಾವಿಯ ತಳದ ರಾಡಿ ಬಸಿಯಲು ಇಳಿದಳು, ಕಾಲು ಜಾರಿ ಕಲ್ಲಿನ ಮೇಲೆ ಬಿದ್ದಳು. ಸೊಂಟ ಮುರಿದವಳನ್ನು ಬೀದರಿನ ಆಸ್ಪತ್ರೆಗೆ ತಂದರು. ಬದುಕುವುದು ಕಷ್ಟ ಎಂದು ಡಾಕ್ಟರು ಮೊದಲೇ ಹೇಳಿದರು.

ಎಲ್ಲ ಹೇಳಿ ಕಾಲು ಹಿಡಿಯಬೇಕು ಎಂದುಕೊಂಡೇ ಶಾಲುಬಾಯಿ ಹೋದಳು. ಚಂದ್ರಭಾಗಾ ಅವಳ ಕೈ ಹಿಡಿದುಕೊಂಡಳು.

"ಅವತ್ತ ಫೋನಿನಾಗ ನೀನೇ ಅಲ್ಲೇನ? ದನಿ ಕೇಳೇ ಗುರ್ತು ಹಿಡದೆ. ನೌಕರಿ ಮ್ಯಾಲಿದ್ದಾಕಿ, ಮಾತಾಡ್ಸಬಾರ್ದು ಅಂತ ಸುಮ್ಮನಾದೆ. ನಮ್ಮ ಶಾಲೂನೇ ಕುಂತಾಳ, ಅವ್ರ ಹೆಸರು ಬರಕೋತಾಳ ಅಂತ ನಾ ನಿಶ್ಚಿಂತಿ ಇದ್ದೆ." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡಳು. "ಆದ್ರ ಟ್ಯಾಂಕರ್ ಯಾಕ ಬರ್ಲಿಲ್ಲ? ನಿನಗೇನಾರ ಗೊತ್ತದೇನು?"

"ಗೊತ್ತಿಲ್ಲ ಕಾಕು," ಎಂದಳು ಶಾಲುಬಾಯಿ.