ಹಡಗಿನಲ್ಲಿ ಅತ್ತೆ ಕಾಣೆಯಾದ ಮಧ್ಯಾಹ್ನ

‘ಮಿಸೆಸ್ ಜಯಮ್ಮ ಫ್ರಮ್ ಕರ್ನಾಟಕ, ಪ್ಲೀಸ್ ಕಮ್ ಟು ದಿ ರಿಸೆಪ್ಷನ್!’

ಅರಬ್ಬಿ ಸಮುದ್ರದ ನಟ್ಟನಡುವೆ, ಊರಗಲದ ಹಡಗಿನ ಮೈಕಿನಲ್ಲಿ ನಮ್ಮತ್ತೆಯ ಹೆಸರು ಮೊಳಗಿತು. ಇಂಗ್ಲಿಷಿನಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ. ಅತ್ತೆಗೆ ಎರಡೂ ಬರುವುದಿಲ್ಲ. ರಿಸೆಪ್ಷನ್ ಮುಂದೆ ನಾನಿದ್ದೆ, ನನ್ನ ಗಂಡ ನವೀನನಿದ್ದ, ಅವನ ಹೆಗಲ ಮೇಲೆ ಹತ್ತು ತಿಂಗಳ ಮಗಳು ಕಿರುಚುತ್ತಿದ್ದಳು. ಅತ್ತೆ ಮಾತ್ರ ಇರಲಿಲ್ಲ.

ಹಡಗು ಬಿಟ್ಟು ಮನುಷ್ಯರು ಎಲ್ಲಿಗೆ ಹೋಗಲು ಸಾಧ್ಯ? ನೀವೇ ಹೇಳಿ. ಇಳಿದು ಬಸ್ಸು ಹತ್ತುವಂತಿಲ್ಲ, ಆಟೋ ಹಿಡಿಯುವಂತಿಲ್ಲ. (ಇನ್ನೊಂದು ಸಾಧ್ಯತೆ ಇದೆ. ಅದು ತಲೆಗೆ ಬಂದಿದ್ದರಿಂದಲೇ ನವೀನ ಆಗಲೇ ಕಂಬಿಯಾಚೆ ಬಗ್ಗಿ ಬಗ್ಗಿ ನೀರು ನೋಡಿ ಬಂದಿದ್ದ.)

ಇರಲಿ, ಮೊದಲಿನಿಂದ ಹೇಳುತ್ತೇನೆ.

ಮಗು ಹುಟ್ಟಿದ ಮೇಲೆ ನಾವಿಬ್ಬರೂ ಎಲ್ಲಿಗೂ ಹೋಗಿರಲಿಲ್ಲ. ಹೋಗಿದ್ದು ಅಂದರೆ ಮಂಡ್ಯದ ಮಕ್ಕಳ ಡಾಕ್ಟರ ಹತ್ತಿರ, ಮಳವಳ್ಳಿಯ ನನ್ನ ತವರಿಗೆ, ಮತ್ತೆ ಮಕ್ಕಳ ಡಾಕ್ಟರ ಹತ್ತಿರ. ಹೀಗಿರುವಾಗ ನವೀನನ ಕಣ್ಣಿಗೆ ಕ್ರೂಸ್ ಬಿತ್ತು. ಕೊಚ್ಚಿಯಲ್ಲಿ ಹತ್ತಿದರೆ ಲಕ್ಷದ್ವೀಪದ ಕಡೆ ಮುಖ ಮಾಡಿ ವಾಪಸ್ ತಂದು ಬಿಡುತ್ತಾರೆ. ಚಿಕ್ಕ ಮಕ್ಕಳನ್ನೂ ಕರೆತರಬಹುದು. ಒಳಗೇ ಊಟ, ಒಳಗೇ ನಿದ್ದೆ, ಒಳಗೇ ಡಾಕ್ಟರು. ‘ಮಗು ಇರೋರಿಗೆ ಇದಕ್ಕಿಂತ ಬೆಸ್ಟ್ ಟ್ರಿಪ್ ಇನ್ನೊಂದಿಲ್ಲ’ ಎಂದ. ನಾನೂ ನಂಬಿದೆ.

ಪ್ಯಾಕಿಂಗ್ ಶುರುವಾಯಿತು. ಡೈಪರ್, ರಾಗಿ ಸರಿ ಹಿಟ್ಟು, ಫ್ಲಾಸ್ಕು, ಜ್ವರದ ಔಷಧಿ, ಸೊಳ್ಳೆ ಪರದೆ (ಸಮುದ್ರದಲ್ಲಿ ಸೊಳ್ಳೆ ಎಲ್ಲಿಂದ ಬರುತ್ತೆ ಎಂದು ಕೇಳಬೇಡಿ), ತಳ್ಳುಗಾಡಿ, ಅತ್ತೆ.

ಹೌದು, ಅತ್ತೆಯನ್ನೂ ಪ್ಯಾಕ್ ಮಾಡಿದೆವು ಎಂದೇ ಹೇಳಬೇಕು. ನಮ್ಮತ್ತೆ ಚಿಕ್ಕರಸಿನಕೆರೆಯವರು. ಅಲ್ಲಿ ಮಾವ, ಹಸು, ಕಬ್ಬಿನ ಗದ್ದೆ ಎಲ್ಲ ಇದೆ. ನನ್ನ ಹೆರಿಗೆ ರಜೆ ಮುಗಿದು ಕಾಲೇಜಿಗೆ ಹೊರಟ ದಿನದಿಂದ ಅವರು ಮಂಡ್ಯದ ನಮ್ಮ ಮನೆಯಲ್ಲಿದ್ದಾರೆ. ಕ್ರೂಸ್ ವಿಷಯ ಹೇಳಿದಾಗ ಅವರು ಮೊದಲು ಒಪ್ಪಲಿಲ್ಲ.

‘ನಂಗ್ಯಾಕ್ಲಾ ಅಡಗು? ನೀವೇ ಓಗ್ಬನ್ನಿ. ನಾನು ಊರಿಗೆ ಓಯ್ತೀನಿ.’

‘ಪಾಪೂನ ಯಾರು ನೋಡ್ಕತಾರೆ? ಅದ್ಕೇ ಕರೀತಿರೋದು ಕಣವ್ವ’ ಎಂದ ನವೀನ. ಬಹಳ ಪ್ರಾಮಾಣಿಕ ಮನುಷ್ಯ.

ಅತ್ತೆ ಆಮೇಲೆ ಮಾತಾಡಲಿಲ್ಲ. ಮಾವ ಮಾತ್ರ ಫೋನಿನಲ್ಲಿ ‘ಅಡಗಲ್ಲಿ ಕರೆಂಟು ಇರ್ತದಾ?’ ಎಂದು ವಿಚಾರಿಸಿದರು. ಇರುತ್ತದೆ ಎಂದೆವು. ಅಲ್ಲಿಗೆ ಮನೆಯ ಒಪ್ಪಿಗೆ ಸಿಕ್ಕಿತು.

ಹಡಗು ಹೇಗಿತ್ತು ಅಂದರೆ ಮದ್ದೂರಿನ ಅರ್ಧ ಪೇಟೆಯನ್ನು ಎತ್ತಿ, ಎಸಿ ಹಾಕಿ, ನೀರಿನ ಮೇಲೆ ತೇಲಿಬಿಟ್ಟ ಹಾಗಿತ್ತು. ಅಂಗಡಿ, ಹೋಟೆಲು, ಈಜುಕೊಳ, ಥಿಯೇಟರು. ಮಕ್ಕಳ ಆಟದ ಕೋಣೆಯೂ ಇತ್ತು. ಆದರೆ ತೀರಾ ಚಿಕ್ಕ ಮಕ್ಕಳಾದರೆ ಜೊತೆಗೆ ಮನೆಯವರೊಬ್ಬರು ಕೂತಿರಬೇಕಂತೆ. ಮನೆಯವರೊಬ್ಬರು ಅಂದರೆ ಯಾರು? ನಿಮ್ಮ ಊಹೆ ಸರಿ.

ಮೊದಲ ದಿನ ನಾನೂ ನವೀನನೂ ಕಾಲೇಜು ಹುಡುಗರಂತೆ ಓಡಾಡಿದೆವು. ಬಿಸಿ ಬಿಸಿ ಕಾಫಿಯನ್ನು ಬಿಸಿ ಇರುವಾಗಲೇ ಕುಡಿದೆವು. (ಮಗು ಇರುವವರಿಗೆ ಇದರ ಬೆಲೆ ಗೊತ್ತು.) ನಡುನಡುವೆ ಕ್ಯಾಬಿನ್‌ಗೆ ಹೋಗಿ ‘ಅತ್ತೆ, ಊಟ ಆಯ್ತಾ?’ ಎಂದು ಕೇಳಿ ಬರುತ್ತಿದ್ದೆ. ‘ಪಾಪು ವಸಿ ಮನೀಕಳ್ಳಿ, ಆಮೇಲ್ ಓಯ್ತೀನಿ’ ಎನ್ನುತ್ತಿದ್ದರು. ಪಾಪು ಮಲಗುವ ಹೊತ್ತಿಗೆ ಊಟದ ಹಾಲ್ ಮುಚ್ಚಿತ್ತು. ನಾವು ಟಿಶ್ಯೂನಲ್ಲಿ ಸುತ್ತಿ ತಂದಿದ್ದ ಬನ್ನು ತಿಂದು ‘ಚೆನ್ನಾಗೇ ಅದೆ ಬುಡು’ ಎಂದು ಮಲಗಿದರು.

ಮರುದಿನ ಬೆಳಗಿನ ತಿಂಡಿ ಆದ ಮೇಲೆ ಅತ್ತೆ ಮಗುವನ್ನು ನವೀನನ ತೊಡೆಯ ಮೇಲೆ ಕೂರಿಸಿದರು. ‘ವಸಿ ಎತ್ಕಳ್ಲಾ, ಬತ್ತೀನಿ’ ಎಂದು ಎದ್ದು ಹೋದರು.

ಬಾತ್‌ರೂಮಿಗೆ ಇರಬೇಕು ಎಂದುಕೊಂಡೆವು. ಬತ್ತೀನಿ ಅಂದವರು ಬರಲಿಲ್ಲ.

ಮಧ್ಯಾಹ್ನ ಹತ್ತಿರವಾಯಿತು. ಮಗಳಿಗೆ ಹಸಿವು. ನಾನು ಸರಿ ಕಲಸಿ ಬಾಯಿಗಿಟ್ಟರೆ ಉಗಿದಳು. ನವೀನ ಇಟ್ಟರೆ ಚಮಚವನ್ನೇ ಎಸೆದಳು. ಆ ಹೊತ್ತಿಗೆ ನನ್ನ ತಲೆಗೆ ಬಂದ ಮೊದಲ ಯೋಚನೆ: ಈಗ ಇವಳಿಗೆ ತಿನ್ನಿಸೋರು ಯಾರು? ಅತ್ತೆ ಎಲ್ಲಿ ಹೋದರು ಎಂಬುದು ಎರಡನೆಯದಾಗಿ ಬಂತು. ಎರಡರ ನಡುವೆ ಹೆಚ್ಚು ಅಂತರ ಇರಲಿಲ್ಲ. ಆದರೆ ಬಂದ ಕ್ರಮ ಅದೇ.

ಹುಡುಕಿದೆವು. ಕ್ಯಾಬಿನ್‌ನಲ್ಲಿ ಅವರ ಫೋನು ಮಂಚದ ಮೇಲಿತ್ತು. ಊಟದ ಹಾಲ್, ಅಂಗಡಿ ಸಾಲು, ಮಕ್ಕಳ ಕೋಣೆ, ಈಜುಕೊಳ, ಎಲ್ಲೂ ಇಲ್ಲ. ಲಿಫ್ಟಿನಲ್ಲಿ ಸಿಕ್ಕವರನ್ನೆಲ್ಲ ಕೇಳಿದೆವು. ನವೀನ ಡೆಕ್ಕಿಗೆ ಹೋಗಿ ಬಂದ. ಹೋಗುವಾಗ ಇದ್ದ ಮುಖ ಬರುವಾಗ ಇರಲಿಲ್ಲ. ‘ಅವ್ವಂಗೆ ಈಜು ಬರಲ್ಲ ಕಣೆ’ ಎಂದ. ಆ ಸಮುದ್ರದಲ್ಲಿ ಈಜು ಬಂದವರು ಮಾಡುವುದಾದರೂ ಏನು? ನಾನು ಮಗಳನ್ನು ಅವನ ಹೆಗಲಿಗೆ ದಾಟಿಸಿ ರಿಸೆಪ್ಷನ್ ಕಡೆ ಓಡಿದೆ.

ರಿಸೆಪ್ಷನ್‌ನಲ್ಲಿದ್ದ ಹುಡುಗಿ ಸಮಾಧಾನದಿಂದಲೇ ಕೇಳಿದಳು. ಯಾವ ಬಣ್ಣದ ಬಟ್ಟೆ ಹಾಕಿದ್ದರು?

‘ಹಸಿರು ಸೀರೆ’ ಎಂದ ನವೀನ.

‘ಮೆರೂನ್’ ಎಂದೆ ನಾನು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಗಳು ಅವತ್ತು ಯಾವ ಫ್ರಾಕು, ಯಾವ ಟೋಪಿ, ಟೋಪಿಯ ಮೇಲೆ ಯಾವ ಬಾತುಕೋಳಿ ಎಂಬುದೆಲ್ಲ ನಮಗೆ ಬಾಯಿಪಾಠ.

ಹೋಗಲಿ, ಫೋಟೋ ತೋರಿಸಿ ಎಂದಳು.

ಫೋನಿನಲ್ಲಿ ಫೋಟೋಗೆ ಬರವೇ? ಮಗಳು ನಗುವುದು, ಅಳುವುದು, ಸ್ನಾನ, ಸರಿ ಮೆತ್ತಿದ ಮೂಗು, ಎಲ್ಲ ಇದೆ. ಬೆರಳಲ್ಲಿ ತಳ್ಳುತ್ತಾ ಹೋದೆ. ಅತ್ತೆಯೂ ಇದ್ದರು. ಒಂದರಲ್ಲಿ ಮಗುವಿನ ಬೆನ್ನಿಗೆ ಕೊಟ್ಟ ಅಂಗೈ. ಒಂದರಲ್ಲಿ ಸೆರಗಿನ ಅಂಚು. ಒಂದರಲ್ಲಿ ಬಳೆ ಹಾಕಿದ ಮೊಣಕೈ. ಬಹಳಷ್ಟರಲ್ಲಿ ಬರೀ ತೊಡೆ. ಮುಖ ಇರುವ ಒಂದೇ ಒಂದು ಫೋಟೋ ಸಿಗಲಿಲ್ಲ. ಮಗು ಚೆನ್ನಾಗಿ ಬರಲಿ ಎಂದು ಉಳಿದದ್ದನ್ನೆಲ್ಲ ನಾನೇ ಕತ್ತರಿಸಿದ್ದೆ. ರಿಸೆಪ್ಷನ್ ಹುಡುಗಿ ಒಂದು ಮೊಣಕಾಲನ್ನು ದಿಟ್ಟಿಸಿ ನೋಡಿ, ಫೋನು ವಾಪಸ್ ಕೊಟ್ಟು, ಮೈಕು ಎತ್ತಿಕೊಂಡಳು.

ಹುಡುಕದೆ ಉಳಿದಿದ್ದು ಥಿಯೇಟರ್ ಒಂದೇ. ಅಲ್ಲಿ ಮ್ಯಾಜಿಕ್ ಶೋ ನಡೆಯುತ್ತಿತ್ತು. ಅತ್ತೆಗೂ ಮ್ಯಾಜಿಕ್ಕಿಗೂ ಏನು ಸಂಬಂಧ? ಆದರೂ ಬಾಗಿಲು ತಳ್ಳಿ ಒಳಗೆ ಹೋದೆವು. ಕತ್ತಲು. ನಮ್ಮ ಮಗಳ ಅರಚಾಟಕ್ಕೆ ಮುಂದಿನವರೆಲ್ಲ ತಿರುಗಿ ನೋಡಿದರು. ಸ್ಟೇಜಿನ ಮೇಲೆ ಒಬ್ಬ ಹುಡುಗಿಯನ್ನು ಪೆಟ್ಟಿಗೆಯೊಳಗೆ ಹಾಕಿ ಮಾಯ ಮಾಡುವ ಸಿದ್ಧತೆ ನಡೆದಿತ್ತು. ಸಂಗೀತ ನಿಂತಿತು. ಜನ ಉಸಿರು ಬಿಗಿಹಿಡಿದರು.

ಆಗ ಮಗಳು ಅಳು ನಿಲ್ಲಿಸಿದಳು. ಒಮ್ಮೆಲೇ. ಕತ್ತು ಹಿಂದಕ್ಕೆ ತಿರುಗಿಸಿ ಏನನ್ನೋ ಆಲಿಸಿದಳು.

ನಮಗೂ ಕೇಳಿಸಿತು. ಗೊರಕೆ.

ನಮ್ಮನೆಯಲ್ಲಿ ಮಗು ಮಲಗುವುದು ಅಜ್ಜಿಯ ಪಕ್ಕದಲ್ಲಿ. ಅವಳ ಜೋಗುಳವೇ ಅದು. ಕೊನೆಯ ಸಾಲಿನ ಮೂಲೆಯಲ್ಲಿ, ಚಪ್ಪಲಿಯನ್ನು ಜೋಡಿಸಿ ಕೆಳಗಿಟ್ಟು, ಮೆತ್ತನೆ ಕುರ್ಚಿಯ ಮೇಲೆ ಕಾಲು ಮಡಚಿಕೊಂಡು, ಎಸಿ ಚಳಿಗೆ ಸೆರಗು ಹೊದ್ದು ಅತ್ತೆ ಮಲಗಿದ್ದರು. ಸೀರೆ ಹಸಿರೂ ಅಲ್ಲ, ಮೆರೂನೂ ಅಲ್ಲ. ನೀಲಿ.

ಎಬ್ಬಿಸಿ ಹೊರಗೆ ಕರೆತಂದೆವು. ನವೀನ ಸಿಟ್ಟು ಮಾಡಬೇಕೆಂದೇ ಬಾಯಿ ತೆರೆದ. ದನಿ ನಡುಗಿಬಿಟ್ಟಿತು.

‘ಬಿದ್ದೋದ್ಯೇನೋ ಅಂತ ಕಂಬಿ ಹತ್ರ ಹೋಗಿ ನೀರು ನೋಡ್ದೆ ಕಣವ್ವ!’

‘ಬೀಳಕ್ಕೆ ನಂಗೇನ್ಲಾ ಬಂದಿರೋದು? ನಿದ್ದೆ ಬಂತು, ಮನೀಕಂಡೆ.’

‘ಹೇಳಿ ಹೋಗ್ಬಾರ್ದಾ ಅತ್ತೆ?’ ಎಂದೆ.

‘ಏಳಿದ್ರೆ ಕಳುಸ್ತಿದ್ರಾ? ಎಂಗೂ ಮನೀಕಳಕ್ ಓಯ್ತಿದ್ದೀರಿ, ಪಾಪೂನೂ ಎತ್ಕಂಡೋಗಿ ಅಂತಿದ್ದೆ ತಾನೆ ನೀನು?’

ಅಂತಿದ್ದೆ. ಖಂಡಿತ ಅಂತಿದ್ದೆ.

ಮಗು ಅವರ ಕಡೆ ಎರಡೂ ಕೈ ಚಾಚಿತು. ಅತ್ತೆ ಅದರ ಕೆನ್ನೆ ಮುಟ್ಟಿದರು, ಎತ್ತಿಕೊಳ್ಳಲಿಲ್ಲ. ಜಗಳವಾಡುವ ದನಿಯೇ ಇಲ್ಲದೆ, ಸೊಪ್ಪಿನ ರೇಟು ಹೇಳುವ ಹಾಗೆ ಹೇಳಿದರು: ‘ನೀವು ಕರ್ಕಂಬಂದಿರೋದು ನನ್ನಲ್ಲ ಕಣಮ್ಮಿ, ನನ್ ತೊಡೇನ. ಇವತ್ತು ತೊಡೆ ಇಲ್ಲ ಅಂದ್ಕಳಿ.’ ಹಾಗೆಂದವರೇ ಊಟದ ಹಾಲ್ ಎಲ್ಲಿ ಎಂದು ಕೇಳಿದರು. ಹಡಗು ಹತ್ತಿದ ಮೇಲೆ ಅವರು ಅಲ್ಲಿಗೆ ಒಬ್ಬರೇ ಹೊರಟಿದ್ದು ಅದೇ ಮೊದಲು.

ಆ ಮಧ್ಯಾಹ್ನ ಮಗು ನವೀನನ ಪಾಲಿಗೆ ಬಂತು. ಸರಿಯ ಬಟ್ಟಲು ಹಿಡಿದು ಅವನು ಕುಣಿದ, ಹಾಡಿದ, ನಾಯಿಯಂತೆ ಬೊಗಳಿದ. ಮಗಳು ಬಾಯಿ ಬಿಡಲಿಲ್ಲ. ಕೊನೆಗೆ ಸುಸ್ತಾಗಿ ಕ್ಯಾಬಿನ್‌ಗೆ ಬರಲೆಂದು ಲಿಫ್ಟ್ ಹತ್ತಿದ್ದಾನೆ. ಲಿಫ್ಟ್ ಮೇಲೆ ಹೊರಟಿದ್ದೇ ತಡ, ಅವಳು ಅಚ್ಚರಿಯಿಂದ ಬಾಯಿ ತೆರೆದಿದ್ದಾಳೆ. ಇವನು ಚಮಚ ಒಳಗಿಟ್ಟಿದ್ದಾನೆ. ನುಂಗಿದಳು! ಅಲ್ಲಿಂದ ಬಟ್ಟಲು ಖಾಲಿಯಾಗುವವರೆಗೂ ಅಪ್ಪ ಮಗಳು ಲಿಫ್ಟಿನಲ್ಲೇ ಮೇಲೆ ಕೆಳಗೆ ಓಡಾಡಿದರು. ಹತ್ತಿ ಇಳಿಯುವವರೆಲ್ಲ ಮಗುವಿಗೆ ಹಾಯ್ ಹೇಳಿದರಂತೆ. ನವೀನನ ಅಂಗಿಯ ತುಂಬ ಸರಿ. ಮುಖ ಮಾತ್ರ ಎಸ್ಸೆಸ್ಸೆಲ್ಸಿ ಪಾಸಾದವನ ಮುಖ.

ನಾನು ಡೆಕ್ಕಿನಲ್ಲಿ ಅತ್ತೆಯ ಪಕ್ಕ ಕೂತಿದ್ದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾವಿಬ್ಬರೇ ಕೈಯಲ್ಲಿ ಕೆಲಸವಿಲ್ಲದೆ ಹಾಗೆ ಕೂತ ನೆನಪಿಲ್ಲ. ಸಮುದ್ರ ಹೇಗಿದೆ ಎಂದು ಕೇಳಿದೆ.

‘ಬರೀ ನೀರು. ಒಂದ್ ಕಬ್ಬಿನ್ ಬುಡಕ್ಕೂ ಬರಾಕಿಲ್ಲ’ ಎಂದರು. ಆದರೆ ಕಣ್ಣು ತೆಗೆಯಲಿಲ್ಲ.

ಆಮೇಲೆ ಅವರೇ ಮಾತು ತೆಗೆದರು. ‘ಪಾಪು ಅಂದ್ರೆ ನನ್ ಪ್ರಾಣವೇ ಕಣಮ್ಮಿ. ಪ್ರಾಣ ಅಂತ ಸೊಂಟ ನೋಯ್ದೆ ಇದ್ದಾತಾ? ರಾತ್ರಿಯೆಲ್ಲ ಎದ್ದೂ ಎದ್ದೂ ಸಾಕಾಗ್ಬುಟ್ಟದೆ. ನಿಮ್ಮಾವ ಅಲ್ಲಿ ಒಬ್ರೇ ಬೇಯಿಸ್ಕಂಡು ಉಣ್ತಾವ್ರೆ. ಊರಿಗೆ ಓಗ್ಬತ್ತೀಯಾ ಅಂತ ನೀವ್ಯಾರೂ ಒಂದಿನ ಕೇಳ್ನಿಲ್ಲ.’

‘ನೀವೂ ಹೇಳ್ಲಿಲ್ವಲ್ಲ ಅತ್ತೆ.’

‘ಏಳಿದ್ನಲ್ಲ. ಅಡಗು ಹತ್ತಕ್ ಮುಂಚೆನೇ ಏಳಿದ್ದೆ, ಊರಿಗೆ ಓಯ್ತೀನಿ ಅಂತ.’

ಹೇಳಿದ್ದರು. ಅದನ್ನು ನಾವು ಸಂಕೋಚ ಎಂದುಕೊಂಡಿದ್ದೆವು. ಹಿರಿಯರು ಬೇಡ ಅಂದರೆ ಸಂಕೋಚ, ಸುಮ್ಮನಿದ್ದರೆ ಒಪ್ಪಿಗೆ, ಬಂದು ಮಾಡಿದರೆ ಪ್ರೀತಿ. ಎಷ್ಟು ಅನುಕೂಲದ ಡಿಕ್ಷನರಿ ಅಲ್ಲವೇ? ನಮ್ಮ ಸ್ಟಾಫ್ ರೂಮಿನಲ್ಲಿ ಮಕ್ಕಳಿರುವ ಹೆಂಗಸರೆಲ್ಲ ನನಗೆ ಹೇಳುವುದು ಒಂದೇ ಮಾತು: ‘ನಿಮಗೇನ್ರೀ, ಅತ್ತೆ ಇದ್ದಾರೆ, ಲಕ್ಕಿ!’ ನಾನೂ ಹೌದೌದು ಎಂದು ತಲೆಯಾಡಿಸಿದ್ದೇನೆ. ಈ ಲಕ್ಕಿ ಡ್ರಾದಲ್ಲಿ ಅತ್ತೆಗೆ ಏನು ಬಂತು ಎಂದು ಯಾರೂ ಕೇಳಿಲ್ಲ.

ಏಳುವ ಮೊದಲು ಅವರದೊಂದು ಫೋಟೋ ತೆಗೆಯೋಣ ಎಂದು ಫೋನು ಹಿಡಿದೆ. ಹಿಂದೆ ಸಮುದ್ರ, ಒಳ್ಳೆಯ ಬಿಸಿಲು. ಅತ್ತೆ ಎದ್ದು ನಿಂತರು. ಕೈಯನ್ನು ಹಿಂದಿಟ್ಟರು, ಮುಂದಿಟ್ಟರು, ಸೆರಗು ಹಿಡಿದರು, ಬಿಟ್ಟರು. ಕೊನೆಗೆ ಲಿಫ್ಟಿನ ಕಡೆ ನೋಡುತ್ತಾ, ‘ಪಾಪೂನ ತತ್ತಾ ಅನ್ನು ಅವನ್ಗೆ. ಬರೀ ಕೈಲಿ ಎಂಗ್ ನಿಂತ್ಕಳ್ಳದು?’ ಎಂದರು.

ನಾನು ತರಿಸಲಿಲ್ಲ. ಬರಿಗೈಯಲ್ಲೇ ಫೋಟೋ ತೆಗೆದೆ. ಅಷ್ಟೇನೂ ಚೆನ್ನಾಗಿ ಬಂದಿಲ್ಲ, ನಿಜ. ನಕ್ಕಿಲ್ಲ, ಕೈಗಳು ಯಾರದೋ ಕೈಗಳಂತಿವೆ. ಹಡಗಿನ ವೈಫೈ ಹಿಡಿದು ಮಾವನಿಗೆ ವಾಟ್ಸಾಪ್ ಮಾಡಿದೆ. ಎರಡೂ ಟಿಕ್ ನೀಲಿಯಾದವು, ಉತ್ತರ ಬರಲಿಲ್ಲ. ಊರಿಗೆ ಬಂದ ಮೇಲೆ ಗೊತ್ತಾಯಿತು, ಅವರು ಅದನ್ನು ಡೇರಿಗೆ ಹಾಲು ಹಾಕಲು ಹೋದಾಗ ಎಲ್ಲರಿಗೂ ತೋರಿಸಿದ್ದರಂತೆ.

ಈಗ ಮನೆಯಲ್ಲಿ ಹೊಸ ಪದ್ಧತಿ. ಶನಿವಾರ ನನ್ನ ಕ್ಲಾಸು ಮುಗಿದು ನಾನು ಮನೆಗೆ ಬಂದ ಕೂಡಲೇ ಅತ್ತೆ ಬ್ಯಾಗು ಹಿಡಿದು ಬಸ್ ಸ್ಟ್ಯಾಂಡಿಗೆ ಹೊರಡುತ್ತಾರೆ. ವಾಪಸ್ಸು ಸೋಮವಾರ ಬೆಳಿಗ್ಗೆ. ರಾತ್ರಿ ಮಗು ಎದ್ದರೆ ಒಂದು ದಿನ ನಾನು, ಒಂದು ದಿನ ನವೀನ. ಸಲೀಸಾಗಿ ನಡೆಯುತ್ತಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಭಾನುವಾರ ಸಂಜೆಯ ಹೊತ್ತಿಗೆ ಮನೆ ದನದ ಕೊಟ್ಟಿಗೆಯಾಗಿರುತ್ತದೆ. ನಮ್ಮ ಮನೆಯಲ್ಲಿ ಲಿಫ್ಟ್ ಬೇರೆ ಇಲ್ಲ. ಕಳೆದ ವಾರ ಮಗಳಿಗೆ ಜ್ವರ ಬಂದಾಗ ಅತ್ತೆಗೆ ಫೋನು ಮಾಡಲು ನವೀನ ಎರಡು ಸಲ ಫೋನು ಎತ್ತಿ ಎರಡು ಸಲ ಇಟ್ಟ. ಜ್ವರ ತಾನಾಗಿಯೇ ಬಿಟ್ಟಿತು. ಸೋಮವಾರ ವಿಷಯ ತಿಳಿದು ಅತ್ತೆ ಇಬ್ಬರಿಗೂ ಚೆನ್ನಾಗಿ ಬೈದರು.

ಮೊನ್ನೆ ಎದುರು ಮನೆಯವರು ಬಂದಿದ್ದರು. ನನ್ನನ್ನು ನೋಡಿ ‘ಹಡಗು ಹೆಂಗಿತ್ತು?’ ಎಂದರು. ಮಗಳನ್ನು ಗಲ್ಲ ಹಿಡಿದು ‘ಸಮುದ್ರ ನೋಡಿದ್ಯಾ ಚಿನ್ನ?’ ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ, ಬಹಳ ಕನಿಕರದಿಂದ ‘ಅಷ್ಟು ದಿನ ಆ ಹಡಗಲ್ಲಿ ಮಗೂನ ಹೆಂಗ್ ಸಂಭಾಳಿಸಿದ್ರಿ ಜಯಮ್ಮ?’ ಎಂದು ಕೇಳಿದರು.

ಅತ್ತೆ ಅವರೆಕಾಯಿ ಸುಲಿಯುತ್ತಿದ್ದವರು ತಲೆಯೆತ್ತದೆ ಹೇಳಿದರು:

‘ಅದ್ನ ಅವರಪ್ಪನ ಕೇಳಮ್ಮ. ನಾನು ಟೂರಿಗೆ ಓಗಿದ್ದೆ.’