ನೇಪಾಳಕ್ಕೆ ಹೋಗದ ರೊಟ್ಟಿ ಗಂಟು

ನಾಳೆ ನಾವೆಲ್ಲ ಸಿಂಗಪುರಕ್ಕೆ ಹೊರಟಿದ್ದೇವೆ. ಸೂಟ್‌ಕೇಸಿಗೆ ರೊಟ್ಟಿಗೆ ನಂಚಿಕೊಳ್ಳುವ ಶೇಂಗಾ ಹಿಂಡಿಯ ಪೊಟ್ಟಣ ಇಡುವಾಗ ಅದರ ಬೆಳ್ಳುಳ್ಳಿ ವಾಸನೆ ನನ್ನನ್ನು ಚಿತ್ತಾಪುರದ ಮನೆಗೆ ಎಳೆದೊಯ್ದಿತು.

ನಾನಾಗ ಸಣ್ಣ ಹುಡುಗಿ. ಮನೆಮಂದಿಯೆಲ್ಲ ನೇಪಾಳಕ್ಕೆ ಹೊರಟಿದ್ದೆವು. ಅಪ್ಪನ ತಾಯಿ, ನಮ್ಮ ಆಯಿ, ಹೊರಗಿನ ಊಟ ಮುಟ್ಟುತ್ತಿರಲಿಲ್ಲ. ಎರಡು ದಿನ ಕೂತು ಖಡಕ್ ರೊಟ್ಟಿ ಬಡಿದು, ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಟ್ರಂಕಿನಲ್ಲಿಟ್ಟಿದ್ದಳು. ನನ್ನ ಹೊಸ ಜರಿ ಫ್ರಾಕಿಗೆ ಜಾಗ ಸಾಲಲಿಲ್ಲ. ಯಾರೂ ನೋಡದಾಗ ಗಂಟನ್ನು ತೆಗೆದು ಜೋಳದ ಚೀಲದ ಹಿಂದೆ ಅಡಗಿಸಿದೆ.

ರೈಲು ವಾಡಿ ಸ್ಟೇಷನ್ ದಾಟಿದ ಮೇಲೆ ಅಪ್ಪ ಟ್ರಂಕು ತೆರೆದ.

"ಅವ್ವಾ, ರೊಟ್ಟಿ ಗಂಟು ಎಲ್ಲಿಟ್ಟೀದಿ?"

ಆಯಿ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ.

"ನಾನೇ ಮರತು ಬಂದೀನಿ ಯಪ್ಪಾ. ವಯಸ್ಸಾತು ನೋಡು."

"ಅಷ್ಟೂ ಖಬರಿಲ್ಲೇನು ನಿನಗ!" ಎಂದು ಅಪ್ಪ ಎಲ್ಲರೆದುರು ರೇಗಿದ.

ಪ್ರವಾಸವಿಡೀ ಆಯಿ ಹಾಲು, ಬಾಳೆಹಣ್ಣಿನ ಮೇಲೆಯೇ ಇದ್ದಳು. ದೇವರ ದರ್ಶನಕ್ಕೆಂದು ಅಷ್ಟು ದೂರ ಹೋಗಿಯೂ ಗುಡಿಯ ಸಾಲಿನಲ್ಲಿ ನಿಲ್ಲಲು ತ್ರಾಣವಿಲ್ಲದೆ, ಹೊರಗೆ ಕುಳಿತೇ ಕೈಮುಗಿದಳು. ನನ್ನ ಹೆಸರನ್ನು ಮಾತ್ರ ಕೊನೆಯವರೆಗೂ ಹೇಳಲಿಲ್ಲ.

"ಮಮ್ಮಿ, ಯಾಕ ಅಳ್ಲಿಕತ್ತೀದಿ?" ಸೂಟ್‌ಕೇಸಿನ ಬಳಿ ಬಂದ ಮಗಳು ಕೇಳಿದಳು.

ಇಷ್ಟು ವರ್ಷಗಳಲ್ಲಿ ಮೊದಲ ಸಲ ಎಲ್ಲವನ್ನೂ ಬಾಯಿಬಿಟ್ಟು ಹೇಳಿದೆ. ಕೇಳಬೇಕಾಗಿದ್ದ ಅಪ್ಪ ಈಗಿಲ್ಲ. ಆಯಿಯೂ ಇಲ್ಲ.