ಎರಡು ನೀರಿನ ಕಾಗೆಬಂಗಾರ

ಯಲಹಂಕದ ನಮ್ಮ ರಸ್ತೆಯಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದಾರೆ. ಮೊನ್ನೆ ಬೆಳಗಿನ ವಾಕಿಂಗಿನಲ್ಲಿ ಅವರ ಮರಳಿನ ರಾಶಿಯೊಳಗೆ ಕಾಗೆಬಂಗಾರದ ಚೂರೊಂದು ಮಿನುಗಿತು. ನಿಂತೆ. ವಾಕಿಂಗಿನಲ್ಲಿ ನಿಲ್ಲುವವನಲ್ಲ ನಾನು. ನೆಂಟರು ಎದುರಾದರೂ ನಡೆಯುತ್ತಲೇ ಕ್ಷೇಮ ವಿಚಾರಿಸುತ್ತೇನೆ.

ಬಂಡೆಗಳ ವಯಸ್ಸು ಅಳೆಯುವ ಪ್ರಯೋಗಾಲಯಕ್ಕೆ ನಾನು ಬಹುಕಾಲ ಮುಖ್ಯಸ್ಥನಾಗಿದ್ದೆ. ನೆಲದಾಳದ ಬಿಸಿನೀರು ಬಂಡೆಯ ಬಿರುಕುಗಳಲ್ಲಿ ಹರಿದಾಗ ತವರದ ಅದಿರು ಹುಟ್ಟುತ್ತದೆ. ಅದಿರನ್ನೇ ಅಳೆಯುವ ಉಪಾಯ ಆಗ ನಮ್ಮಲ್ಲಿರಲಿಲ್ಲ. ಅದೇ ನೀರು ಪಕ್ಕದಲ್ಲಿ ಬಿಟ್ಟುಹೋದ ಕಾಗೆಬಂಗಾರವನ್ನು ಅಳೆಯುತ್ತಿದ್ದೆವು. ಚಿಮಟದಿಂದ ಅದನ್ನು ಒಂದೊಂದೇ ಹಳುಕಾಗಿ ಆರಿಸುತ್ತಿದ್ದವರು ಸರೋಜಾ. ಅಕ್ಕಿ ಆರಿಸಿದ ಹಾಗೆ ಎನ್ನಬೇಡಿ. ಅಕ್ಕಿ ಬರಿಗಣ್ಣಿಗೆ ಕಾಣುತ್ತದೆ.

"ಸಾರ್, ಇದ್ರಲ್ಲಿ ಎರಡು ಥರ ಇದೆ. ಒಂದು ಬೆಳ್ಳಗೆ, ಒಂದು ಸ್ವಲ್ಪ ಹಸಿರು. ನೀರು ಎರಡು ಸಲ ಬಂದಿದೆ," ಎಂದರು ಒಮ್ಮೆ.

"ಹತ್ತು ಸಲ ಬರ್ಲಿ. ಸೋಮವಾರ ಮೆಷಿನ್‌ಗೆ ಹಾಕ್ಬೇಕು," ಎಂದೆ.

ಅಷ್ಟರಲ್ಲಾಗಲೇ ಮೂರು ವಾರ ಕೂತು ಅವರು ಎರಡನ್ನೂ ಎರಡು ಬಾಟಲಿಗಳಲ್ಲಿ ಬೇರೆಬೇರೆಯಾಗಿ ತುಂಬಿದ್ದರು. ಯಾವುದೊಂದರಲ್ಲೂ ಮೆಷಿನ್‌ಗೆ ಬೇಕಾದಷ್ಟು ತೂಕವಿರಲಿಲ್ಲ. ಸೋಮವಾರ ಅವರು ರಜೆ. ನಾನು ಒಂದನ್ನು ಇನ್ನೊಂದಕ್ಕೆ ಸುರಿದೆ. ವೇಳಾಪಟ್ಟಿ ಉಳಿಯಿತು.

ಬಂದದ್ದು ಒಂದೇ ವಯಸ್ಸು. ಮೀಟಿಂಗಿನಲ್ಲಿ ಒಬ್ಬ, "ಎಲ್ಲಿ ಹೋಯ್ತಮ್ಮಾ ನಿಮ್ಮ ಎರಡನೇ ನೀರು? ಕಾರ್ಪೊರೇಷನ್ ನಲ್ಲೀಲಿ ಬಂದಿತ್ತಾ?" ಎಂದ. ಎಲ್ಲರೂ ನಕ್ಕರು. ಸರೋಜಾ ನನ್ನತ್ತ ನೋಡಿದರು. ನಾನು ಮುಂದಿನ ವಿಷಯ ಎತ್ತಿಕೊಂಡೆ.

"ಕಣ್ಣು ಸರಿಯಿಲ್ಲ ಸಾರ್, ಲೈಬ್ರರಿಗೆ ಹಾಕ್ಬಿಡಿ," ಎಂದು ಅವರು ಅರ್ಜಿ ಕೊಟ್ಟಾಗ ಅಂದೇ ಸಹಿ ಮಾಡಿದೆ. ನನ್ನ ಮೇಜಿನ ಮೇಲೆ ಕಾಗದ ಕೊಳೆಯುತ್ತಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಬೇರೆಯವರು ಅದೇ ತವರದ ಗಣಿಯ ಕಾಗೆಬಂಗಾರವನ್ನು ಬೆರೆಸದೆ ಅಳೆದರು. ಎರಡು ವಯಸ್ಸು ಬಂತು. ನಮ್ಮದು ಅವೆರಡರ ನಡುವೆ, ಏನೂ ನಡೆಯದ ಕಾಲದಲ್ಲಿ ನಿಂತಿತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ.

ಮರಳಿನ ಪಕ್ಕದಿಂದಲೇ ಕೆಂಪಾಪುರದ ಸರೋಜಾರ ಮನೆಗೆ ಫೋನ್ ಮಾಡಿದೆ.

"ಸರೋಜಾ, ಆವತ್ತು ಎರಡು ಬಾಟ್ಲೀನೂ ಬೆರೆಸಿದ್ದು ನಾನು."

ಅವರು ಒಲೆ ಆರಿಸಿದ ಸದ್ದು ಕೇಳಿಸಿತು.

"ಗೊತ್ತು ಸಾರ್. ರಜೆ ಮುಗಿಸಿ ಬಂದಾಗ ಒಂದು ಬಾಟ್ಲಿ ತೊಳೆದು ಬೋರಲು ಹಾಕಿತ್ತು. ಲ್ಯಾಬಲ್ಲಿ ಹಾಗೆ ತೊಳೆದಿಡೋರು ನೀವೊಬ್ರೇ."

"ಮತ್ತೆ ಮೀಟಿಂಗಲ್ಲಿ ಯಾಕೆ ಹೇಳ್ಲಿಲ್ಲ?"

"ನೀವು ಹೇಳ್ತೀರಾ ಅಂತ ಕಾದೆ. ನನ್ನ ಕಣ್ಣು ಚೆನ್ನಾಗೇ ಇತ್ತು ಸಾರ್."

ಚೂರನ್ನು ಎತ್ತಿ ನೋಡಿದೆ. ಬೆಳ್ಳಗೋ ಹಸಿರೋ, ನನಗೆ ತಿಳಿಯಲಿಲ್ಲ. ಮನೆಗೆ ಬರುವಷ್ಟರಲ್ಲಿ ಕಾಫಿ ಆರಿತ್ತು. ಕುಡಿದ ಲೋಟವನ್ನು ಅಂದು ನಾನು ತೊಳೆಯಲಿಲ್ಲ. ಮಧ್ಯಾಹ್ನದವರೆಗೂ ಅದು ಮೇಜಿನ ಮೇಲೆಯೇ ಇತ್ತು.